ತೊಂಬತ್ತು ದಿನಗಳ ಬಾಣಂತನ

ಸಮುದ್ರ ದಾಟಿ ಬಂದವರಿಗೆ ಪ್ರಾಯಶ್ಚಿತ್ತ ಉಂಟೇ ಇಲ್ಲವೇ ಎಂಬುದು ಒಂದು ಕಾಲದಲ್ಲಿ ಅಗ್ರಹಾರದ ಜಗುಲಿಗಳಲ್ಲಿ ಚರ್ಚೆಯಾಗುತ್ತಿದ್ದ ವಿಷಯ. ಆ ಧರ್ಮಶಾಸ್ತ್ರವನ್ನು ಬಲ್ಲವರು ಈಗ ವಿರಳ. ಅದನ್ನು ಕೇಳುವವರಂತೂ ಇಲ್ಲ. ಆದರೆ ಆ ಜಾಗಕ್ಕೆ ಇನ್ನೊಂದು ಶಾಸ್ತ್ರ ಬಂದು ಕುಳಿತಿದೆ. ಇದಕ್ಕೂ ಸೂತ್ರಗಳಿವೆ, ಭಾಷ್ಯಗಳಿವೆ, ದಿನದ ಎಣಿಕೆ ಇದೆ, ತಪ್ಪಿದವರಿಗೆ ದಂಡವಿದೆ. ಇದರ ಹೆಸರು ವೀಸಾ. ಮಗನೋ ಮಗಳೋ ಯೂರೋಪಿನಲ್ಲಿ ನೆಲಸಿರುವ ಮನೆಗಳಲ್ಲಿ ಪಂಚಾಂಗಕ್ಕಿಂತ ಹೆಚ್ಚಾಗಿ ಈ ಶಾಸ್ತ್ರವನ್ನು ತಿರುವಿಹಾಕಬೇಕಾದ ಕಾಲ ಬಂದಿದೆ.

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಸೇರಿದ ಜಾವಗಲ್ಲು ಹಳೇಬೀಡಿಗೂ ಬಾಣಾವರಕ್ಕೂ ನಡುವೆ ಇರುವ ಸಣ್ಣ ಊರು. 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ, ಸುತ್ತಲೂ ತೆಂಗಿನ ತೋಟ, ರಾಗಿಯ ಹೊಲ. ಇಂಥ ಊರುಗಳಿಂದ ಓದಲು ಹಾಸನಕ್ಕೂ ಮೈಸೂರಿಗೂ ಬೆಂಗಳೂರಿಗೂ ಹೋದ ಮಕ್ಕಳು ಅಲ್ಲಿಯೇ ನಿಲ್ಲದೆ ಮ್ಯೂನಿಕ್ ಸ್ಟುಟ್‌ಗಾರ್ಟ್‌ಗಳವರೆಗೆ ನಡೆದಿದ್ದಾರೆ. ಅವರಲ್ಲಿ ಒಬ್ಬಳ ತಂದೆತಾಯಿಗಳನ್ನು ಕಲ್ಪಿಸಿಕೊಳ್ಳೋಣ. ತಂದೆ ನಿವೃತ್ತ ಉಪಾಧ್ಯಾಯರು, ತಾಯಿ ಗೃಹಿಣಿ. ಮಗಳು 2021ರಲ್ಲಿ ಕೆಲಸದ ಮೇಲೆ ಜರ್ಮನಿಗೆ ಹೋದವಳು. ಈಗ ಅವಳಿಗೆ ಐದು ತಿಂಗಳು. ಚೊಚ್ಚಲ ಹೆರಿಗೆ. ತಾಯಿ ಹೋಗಿ ಬಾಣಂತನ ಮಾಡಬೇಕು. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಸಂದೇಹವಿರುವುದು ಎಷ್ಟು ದಿನ ಎಂಬುದರಲ್ಲಿ.

ತಾಯಿಯ ಲೆಕ್ಕ ಸರಳವಾದುದು. ಹೆರಿಗೆಗೆ ಒಂದು ತಿಂಗಳು ಮೊದಲೇ ಹೋಗಿರಬೇಕು. ಆಮೇಲೆ ಮಗುವಿಗೆ ಐದು ತಿಂಗಳು ತುಂಬುವತನಕ ಬಾಣಂತಿಯನ್ನು ಬಿಟ್ಟು ಬರಲಾಗದು. ಒಟ್ಟಿನಲ್ಲಿ ಆರು ತಿಂಗಳು. ಪಕ್ಕದ ಮನೆಯವರು ಅಮೆರಿಕಕ್ಕೆ ಹೋದಾಗ ಆರು ತಿಂಗಳು ಇದ್ದು ಬರಲಿಲ್ಲವೇ? ಅವರು ಇದ್ದದ್ದು ನಿಜ. ಅಮೆರಿಕ ಸಂಯುಕ್ತ ಸಂಸ್ಥಾನವು ಸಂದರ್ಶಕರಾಗಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಕೊಡುತ್ತದೆ. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿಯೂ ಒಂದು ಭೇಟಿಗೆ ಆರು ತಿಂಗಳ ಮಿತಿ. ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಆ ದೇಶವನ್ನು ಕಂಡು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಆ ಕಾಲದಿಂದಲೂ ಕನ್ನಡದ ತಂದೆತಾಯಿಗಳಿಗೆ ಪರದೇಶವೆಂದರೆ ಅಮೆರಿಕ, ಮಕ್ಕಳ ಮನೆಯ ವಾಸವೆಂದರೆ ಆರು ತಿಂಗಳು ಎಂಬ ರೂಢಿ ಬೇರೂರಿದೆ. ಯೂರೋಪಿನ ಬಾಗಿಲಲ್ಲಿ ಎಡವುವುದು ಈ ರೂಢಿಯೇ.

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಪುಟ್ಟ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಒಂದು ಹಡಗಿನ ಮೇಲೆ, ಐದು ದೇಶಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ತಮ್ಮತಮ್ಮ ನಡುವಣ ಗಡಿಗಳಲ್ಲಿ ತಪಾಸಣೆಯನ್ನು ತೆಗೆದುಹಾಕುವುದು ಅದರ ಉದ್ದೇಶ. ಅದು ಕಾರ್ಯರೂಪಕ್ಕೆ ಬಂದುದು 1995ರ ಮಾರ್ಚ್ 26ರಂದು. ಐದಿದ್ದುದು ಬೆಳೆಯುತ್ತ ಬಂದು, 2025ರ ಜನವರಿ 1ರಂದು ರುಮೇನಿಯ ಬಲ್ಗೇರಿಯಗಳು ಪೂರ್ಣವಾಗಿ ಸೇರಿದಾಗ 29 ಆಯಿತು. ಜರ್ಮನಿ, ಫ್ರಾನ್ಸ್, ಇಟಲಿ, ನೆದರ್ಲೆಂಡ್ಸ್‌ಗಳಲ್ಲದೆ ಯೂರೋಪಿಯನ್ ಒಕ್ಕೂಟಕ್ಕೆ ಸೇರದ ಸ್ವಿಟ್ಸರ್ಲೆಂಡ್, ನಾರ್ವೆಗಳೂ ಇದರಲ್ಲಿವೆ. ಬ್ರಿಟನ್ ಮತ್ತು ಐರ್ಲೆಂಡುಗಳು ಇಲ್ಲ.

ಹೊರಗಿನವನಿಗೆ ಈ 29 ದೇಶಗಳೂ ಸೇರಿ ಒಂದೇ ಮನೆ. ಒಂದು ವೀಸಾ ದೊರೆತರೆ ಎಲ್ಲ ಕೋಣೆಗಳಲ್ಲಿಯೂ ಓಡಾಡಬಹುದು, ಇದು ಲಾಭ. ಆದರೆ ದಿನದ ಲೆಕ್ಕವೂ ಒಂದೇ, ಇದು ತೊಡಕು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳನ್ನು ಮೀರಿ ಅಲ್ಲಿ ಇರಕೂಡದು ಎಂಬುದೇ ಮೂಲಸೂತ್ರ. ತೊಂಬತ್ತನೆಯ ದಿನ ಜರ್ಮನಿಯಿಂದ ಪ್ಯಾರಿಸ್ಸಿಗೆ ರೈಲು ಹತ್ತಿದರೆ ಹೊಸ ಲೆಕ್ಕ ಆರಂಭವಾಗುತ್ತದೆ ಎಂದು ನಂಬಿದವರುಂಟು. ಅದು ನಡುಮನೆಯಿಂದ ಅಡುಗೆಮನೆಗೆ ಹೋದಂತೆಯೇ ಹೊರತು ಮನೆಯಿಂದ ಹೊರಬಿದ್ದಂತಲ್ಲ.

ಈ ಎಣಿಕೆಯ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯುವುದು ಸುಲಭ. ತಾಯಿ ಮಾರ್ಚ್ 1ರಂದು ಫ್ರಾಂಕ್‌ಫರ್ಟಿನಲ್ಲಿ ಇಳಿದಳೆನ್ನೋಣ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ, ಹೊರಟ ದಿನವೂ ಸೇರುತ್ತದೆ. ಮಾರ್ಚಿನಲ್ಲಿ 31, ಏಪ್ರಿಲ್ಲಿನಲ್ಲಿ 30, ಮೇ ತಿಂಗಳಲ್ಲಿ 29: ಅಲ್ಲಿಗೆ ತೊಂಬತ್ತು. ಮೇ 29ರಂದು ಅವಳು ಗಡಿಯನ್ನು ದಾಟಿರಲೇಬೇಕು. ಮತ್ತೆ ಹೋಗಬಹುದಾದುದು ಯಾವಾಗ? ಅಧಿಕಾರಿಯು ಆಯಾ ದಿನದಲ್ಲಿ ನಿಂತು, ಆ ದಿನವನ್ನೂ ಸೇರಿಸಿಕೊಂಡು, 180 ದಿನ ಹಿಂದಕ್ಕೆ ಎಣಿಸುತ್ತಾನೆ. ಮಾರ್ಚ್ 1 ಆ ಎಣಿಕೆಯಿಂದ ಮೊದಲ ಬಾರಿಗೆ ಜಾರಿಹೋಗುವುದು ಆಗಸ್ಟ್ 28ರಂದು. ಆ ದಿನ ಮತ್ತೆ ಪ್ರವೇಶಿಸಿದರೆ, ದಿನಕ್ಕೊಂದು ಹಳೆಯ ದಿನ ಬಿಟ್ಟುಹೋಗುತ್ತ ಬರುವುದರಿಂದ, ನವೆಂಬರ್ 25ರವರೆಗೆ ಇನ್ನೂ 90 ದಿನ ದೊರೆಯುತ್ತದೆ. ಆದರೆ ಅದಕ್ಕೆ ವೀಸಾದ ಅವಧಿ ಅಲ್ಲಿಯವರೆಗೆ ಇರಬೇಕು, ಅದು ಹಲವು ಪ್ರವೇಶಗಳಿಗೆ ಸಲ್ಲುವಂತಹುದೂ ಆಗಿರಬೇಕು. ಮೊದಲ ಸಲ ಹೋಗುವವರಿಗೆ ಕೇಳಿದಷ್ಟೇ ದಿನಗಳಿಗೆ, ಒಂದೇ ಪ್ರವೇಶಕ್ಕೆ ವೀಸಾ ಕೊಡುವುದೂ ಉಂಟು. ವೀಸಾದ ಚೀಟಿಯ ಮೇಲೆ ‘ಯಾವ ದಿನಾಂಕದವರೆಗೆ’ ಎಂಬುದು ಒಂದು, ‘ಎಷ್ಟು ದಿನ’ ಎಂಬುದು ಮತ್ತೊಂದು. ಎರಡನ್ನೂ ಓದಬೇಕು.

ಭಾರತೀಯರ ಮಟ್ಟಿಗೆ 2024ರ ಏಪ್ರಿಲಿನಲ್ಲಿ ಒಂದು ಸೌಲಭ್ಯ ಹುಟ್ಟಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಕ್ರಮವಾಗಿ ಬಳಸಿದವರಿಗೆ ಎರಡು ವರ್ಷಗಳ, ಆಮೇಲೆ ಐದು ವರ್ಷಗಳ ಬಹುಪ್ರವೇಶ ವೀಸಾ ದೊರೆಯುವ ಕ್ರಮವದು. ಇದರಿಂದ ಪದೇ ಪದೇ ಬೆಂಗಳೂರಿಗೆ ಅಲೆಯುವುದು ತಪ್ಪೀತು. ಆದರೆ ಐದು ವರ್ಷದ ವೀಸಾ ಎಂದರೆ ಐದು ವರ್ಷದ ವಾಸವಲ್ಲ. ತೊಂಬತ್ತರ ಸೂತ್ರ ಅದಕ್ಕೂ ತಪ್ಪಿದ್ದಲ್ಲ.

“ಮಗು ಹುಟ್ಟಿದೆ, ಬಾಣಂತಿಗೆ ಯಾರೂ ಇಲ್ಲ ಅಂತ ಹೇಳಿಕೊಂಡರೆ ಇನ್ನೊಂದು ಎರಡು ತಿಂಗಳು ಬಿಡೋದಿಲ್ಲವೇನ್ರೀ?” ಎಂಬುದು ತಾಯಿಯ ಪ್ರಶ್ನೆ. ಅವಧಿಯನ್ನು ವಿಸ್ತರಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಅದು ಮಾನವೀಯ ಕಾರಣಗಳಿಗೆ, ತಪ್ಪಿಸಲಾಗದ ಅಡಚಣೆಗಳಿಗೆ, ಅತ್ಯಂತ ಗುರುತರವಾದ ವೈಯಕ್ತಿಕ ಕಾರಣಗಳಿಗೆ ಮೀಸಲು. 2020ರ ಮಹಾಮಾರಿಯಲ್ಲಿ ವಿಮಾನಗಳು ನಿಂತಾಗ ಹಲವರಿಗೆ ಅದು ದೊರೆಯಿತು. ಎಂದೋ ಗೊತ್ತಿದ್ದ, ಸುಖವಾಗಿ ನಡೆದ ಹೆರಿಗೆಯನ್ನು ಆ ಸಾಲಿಗೆ ಸೇರಿಸುವರೆಂದು ನಂಬಿ ಹೊರಡುವುದು ಸಲ್ಲದು. ಹೇಳದೆ ಕೇಳದೆ ಹೆಚ್ಚು ದಿನ ನಿಲ್ಲುವುದಂತೂ ಅಪಾಯ. ಹಿಂದೆ ಪಾಸ್‌ಪೋರ್ಟಿನ ಮೇಲಿನ ಮುದ್ರೆಗಳನ್ನು ನೋಡಿ ಎಣಿಸುತ್ತಿದ್ದರು. ಮುದ್ರೆ ಮಸುಕಾಗಿದ್ದರೆ ಕಣ್ಣು ತಪ್ಪುತ್ತಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ತಂದ ಹೊಸ ವ್ಯವಸ್ಥೆಯಲ್ಲಿ ಬಂದುಹೋಗುವವರ ಬೆರಳಚ್ಚು ಮುಖಚಿತ್ರಗಳು ಯಂತ್ರದಲ್ಲಿ ದಾಖಲಾಗುತ್ತವೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಮಿತಿಮೀರಿ ನಿಂತವರಿಗೆ ದಂಡ ಬೀಳಬಹುದು, ಮುಂದಿನ ವೀಸಾ ತಪ್ಪಬಹುದು, ಕೆಲವು ಕಾಲ ಪ್ರವೇಶವನ್ನೇ ನಿಷೇಧಿಸಬಹುದು. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗುವ ಹಾದಿಯನ್ನು ಬಾಣಂತನದ ಆತುರದಲ್ಲಿ ಮುಚ್ಚಿಕೊಳ್ಳಬಾರದು.

ಹಾಗಾದರೆ ಉಪಾಯವೇನು? ಲೆಕ್ಕವು ಮನೆಗೆ ಒಂದಲ್ಲ, ತಲೆಗೆ ಒಂದು. ಈ ಮಾತಿನಲ್ಲಿಯೇ ಉಪಾಯವೂ ಅಡಗಿದೆ. ಹೆರಿಗೆಗೆ ಮುಂಚೆ ಎರಡು ವಾರಕ್ಕೆ ಸರಿಯಾಗಿ ತಾಯಿ ಹೋಗಿ ಅವಳ ತೊಂಬತ್ತು ದಿನ ಮುಗಿಸಿದರೆ, ಅವಳು ಹೊರಡುವ ವಾರದಲ್ಲಿ ಅತ್ತೆ ಬಂದು ಸೇರಬಹುದು. ಯೂರೋಪಿನಲ್ಲಿ ಮಕ್ಕಳಿರುವ ಅನೇಕ ಮನೆಗಳು ಈಗ ಹೀಗೆಯೇ ನಡೆಸುತ್ತಿವೆ. ಚೊಚ್ಚಲ ಬಾಣಂತನ ತವರಿನದೆಂಬುದು ನಮ್ಮಲ್ಲಿ ಕಟ್ಟುಕಟ್ಟಳೆ. ಬೀಗಿತ್ತಿಯ ಕೈಗೆ ಬಾಣಂತಿಯನ್ನು ಒಪ್ಪಿಸಿ ಬರುವುದು ತಾಯಿಗೆ ಮೊದಲು ಕಷ್ಟವೆನಿಸೀತು. ಆದರೆ ಎರಡು ಮನೆಗಳೂ ಒಂದು ಮಗುವಿನ ಸುತ್ತ ಸರದಿ ಹಂಚಿಕೊಳ್ಳುವಂತೆ ಮಾಡಿದ ಕೀರ್ತಿ ಷೆಂಗೆನ್ ಒಪ್ಪಂದಕ್ಕೆ ಸಲ್ಲಬೇಕು. ಅದನ್ನು ಬರೆದವರ ಮನಸ್ಸಿನಲ್ಲಿ ಇದು ಖಂಡಿತ ಇರಲಾರದು. ಜರ್ಮನಿಯಲ್ಲಿ ಹೆರಿಗೆಯಾದ ಮೇಲೆ ‘ಹೆಬಾಮೆ’ ಎಂಬ ತರಬೇತಿ ಪಡೆದ ಸೂಲಗಿತ್ತಿ ಮನೆಗೇ ಬಂದು ತಾಯಿಮಗುವನ್ನು ನೋಡುವ ಪದ್ಧತಿಯೂ ಇದೆ. ಅವಳ ಖರ್ಚು ಸಾರ್ವಜನಿಕ ಆರೋಗ್ಯವಿಮೆಗೆ ಸೇರಿದ್ದು. ಸಾಂಬ್ರಾಣಿಯ ಹೊಗೆ ಹಾಕಲು ಅವಳಿಗೆ ಬಾರದಿರಬಹುದು. ಮಗುವನ್ನು ಎದೆಗೆ ಹಿಡಿಸುವುದನ್ನು ಅವಳು ಚೆನ್ನಾಗಿ ಬಲ್ಲಳು.

ತೊಂಬತ್ತು ದಿನಗಳನ್ನು ಮೀರಿದ ವಾಸಕ್ಕೆ ಬೇರೆಯೇ ಶಾಸ್ತ್ರ. ಅದನ್ನು ರಾಷ್ಟ್ರೀಯ ವೀಸಾ ಅಥವಾ ‘ಡಿ’ ವರ್ಗದ ವೀಸಾ ಎನ್ನುತ್ತಾರೆ. ಇಲ್ಲಿ 29 ದೇಶಗಳು ಒಂದೇ ಮನೆಯಲ್ಲ; ಒಂದೊಂದು ದೇಶಕ್ಕೆ ಒಂದೊಂದು ಕಾನೂನು. ಓದು, ಉದ್ಯೋಗ, ಸಂಸಾರ ಇವೇ ಮುಖ್ಯ ಕಾರಣಗಳು. ವೀಸಾದ ಮೇಲೆ ಒಳಗೆ ಹೋದವರು ಅಲ್ಲಿ ನಿವಾಸಾನುಮತಿಯನ್ನು ಪಡೆಯಬೇಕು. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಪೌರ ಕಛೇರಿಯಲ್ಲಿ ವಿಳಾಸ ನೋಂದಾಯಿಸಿ, ಆಮೇಲೆ ವಿದೇಶೀಯರ ಕಛೇರಿಯಲ್ಲಿ ಅನುಮತಿಯ ಕಾರ್ಡು ಮಾಡಿಸಬೇಕು. ಇಟಲಿಯಲ್ಲಿ ಎಂಟು ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು. ಫ್ರಾನ್ಸಿನಲ್ಲಿ ದೀರ್ಘವಾಸದ ವೀಸಾವನ್ನು ಮೂರು ತಿಂಗಳೊಳಗೆ ಊರ್ಜಿತಗೊಳಿಸಿಕೊಳ್ಳಬೇಕು. ಊರೂರಿಗೂ ಗಡುವು ಬೇರೆ, ಗಡುವಿಲ್ಲದ ಊರಿಲ್ಲ.

ಸಂಸಾರ ಎಂಬ ಪದಕ್ಕೆ ಅಲ್ಲಿರುವ ಅರ್ಥವನ್ನು ಇಲ್ಲಿ ಗಮನಿಸಬೇಕು. ಕುಟುಂಬಗಳನ್ನು ಒಂದುಗೂಡಿಸುವ ವಿಷಯವಾಗಿ ಯೂರೋಪಿಯನ್ ಒಕ್ಕೂಟ 2003ರಲ್ಲಿ ಹೊರಡಿಸಿದ ನಿರ್ದೇಶದಲ್ಲಿ ಗಂಡ ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ಹಕ್ಕಿನ ಸ್ಥಾನ. ಅಪ್ಪ ಅಮ್ಮಂದಿರ ವಿಷಯ ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಅವಿಭಕ್ತ ಕುಟುಂಬದ ನೆನಪು ಇನ್ನೂ ಹಸಿಯಾಗಿರುವ ನಮಗೆ ಇದು ವಿಚಿತ್ರವೆನಿಸುತ್ತದೆ. ಜರ್ಮನಿ ಈ ಬಾಗಿಲನ್ನು ಸ್ವಲ್ಪ ತೆರೆಯಿತು: 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಬಾರಿಗೆ ನಿವಾಸಾನುಮತಿ ಪಡೆದ ಕುಶಲ ನೌಕರರು ತಮ್ಮ ತಂದೆತಾಯಿಗಳನ್ನು ಕರೆಸಿ ಇರಿಸಿಕೊಳ್ಳಲು ಅರ್ಜಿ ಹಾಕಬಹುದು. ಅವರ ಜೀವನೋಪಾಯದ ಹೊಣೆಯೂ ಆರೋಗ್ಯವಿಮೆಯೂ ಭದ್ರವಾಗಿರಬೇಕು. ಅರುವತ್ತು ದಾಟಿದವರಿಗೆ ಅಲ್ಲಿ ಖಾಸಗಿ ವಿಮೆ ಸುಲಭವೂ ಅಲ್ಲ, ಅಗ್ಗವೂ ಅಲ್ಲ. ಅದಕ್ಕಿಂತ ಮಿಗಿಲಾಗಿ, ಜಾವಗಲ್ಲಿನ ನಮ್ಮ ಮಗಳು ಹೋದುದು 2021ರಲ್ಲಿ. ಮೂರು ವರ್ಷ ಮುಂಚೆ ಹೋದ ತಪ್ಪಿಗೆ ಅವಳಿಗೆ ಈ ಬಾಗಿಲು ಮುಚ್ಚಿದೆ.

“ಅಷ್ಟು ರಗಳೆ ಯಾಕೆ, ಮಗಳನ್ನೇ ಊರಿಗೆ ಕರೆಸಿಕೊಳ್ಳೋಣ” ಎಂದು ತಂದೆ ಹೇಳಿಯಾರು. ಹಳೆಯ ಸಂಪ್ರದಾಯಕ್ಕೂ ಅದೇ ಒಪ್ಪುವ ಮಾತು. ಆದರೆ ಇದಕ್ಕೂ ಮೊದಲು ಮೂರು ಸಂಗತಿಗಳನ್ನು ನೋಡಬೇಕು. ಒಂದನೆಯದು, ಸಾಮಾನ್ಯ ನಿವಾಸಾನುಮತಿಯುಳ್ಳವರು ಒಪ್ಪಿಗೆಯಿಲ್ಲದೆ ಆರು ತಿಂಗಳಿಗೂ ಹೆಚ್ಚು ಕಾಲ ಜರ್ಮನಿಯ ಹೊರಗೆ ಉಳಿದರೆ ಆ ಅನುಮತಿಯೇ ಬಿದ್ದುಹೋಗುತ್ತದೆ. ‘ಬ್ಲೂ ಕಾರ್ಡು’ ಉಳ್ಳವರಿಗೂ ಅವರ ಕುಟುಂಬದವರಿಗೂ ಈ ಗಡುವು ಹನ್ನೆರಡು ತಿಂಗಳು. ಎರಡನೆಯದು, ತುಂಬು ಗರ್ಭಿಣಿಯರನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 36ನೆಯ ವಾರದ ಮೇಲೆ ಪ್ರಯಾಣವಿಲ್ಲ. ಆದ್ದರಿಂದ ಬೇಗನೆ ಹೊರಡಬೇಕು, ಆರು ತಿಂಗಳ ಗಡಿಯಾರವೂ ಬೇಗನೆ ಓಡಲು ತೊಡಗುತ್ತದೆ. ಮೂರನೆಯದು ಬಹುಮಂದಿಗೆ ಹೊಳೆಯದ ಸಂಗತಿ. ಭಾರತದಲ್ಲಿ ಹುಟ್ಟಿದ ಮಗುವಿಗೆ ಜನನಪತ್ರವಾಗಿ, ಪಾಸ್‌ಪೋರ್ಟಾಗಿ, ಅನಂತರ ಜರ್ಮನಿಯ ದೀರ್ಘವಾಸದ ವೀಸಾ ಆಗಬೇಕು. ಅದು ಬರುವತನಕ ತಾಯಿ ಹೊರಡುವಂತಿಲ್ಲ. ತಾಯಿಯ ಅನುಮತಿಗೆ ಗಡುವು ಸಮೀಪಿಸುತ್ತಿರುವಾಗ ಮಗುವಿನ ಕಾಗದ ಕಛೇರಿಯಲ್ಲಿ ಕುಳಿತಿದ್ದರೆ ಆ ಮನೆಯ ನೆಮ್ಮದಿ ಏನಾದೀತು!

ಅಲ್ಲಿಯೇ ಹುಟ್ಟಿದ ಮಗುವಿಗೆ, ತಾಯಿಗೋ ತಂದೆಗೋ ಅನುಮತಿಯಿದ್ದರೆ, ನಿವಾಸಾನುಮತಿ ಅಲ್ಲಿಯೇ ದೊರೆಯುತ್ತದೆ. ಆದರೆ ಭಾರತದ ಪೌರತ್ವ ಉಳಿಯಬೇಕಾದರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಛೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ತಂದೆತಾಯಿಗಳಲ್ಲಿ ಒಬ್ಬರು ಐದು ವರ್ಷ ಕ್ರಮಬದ್ಧವಾಗಿ ನೆಲಸಿ ಶಾಶ್ವತವಾಸದ ಹಕ್ಕನ್ನೂ ಪಡೆದಿದ್ದರೆ ಮಗು ಹುಟ್ಟಿನಿಂದಲೇ ಜರ್ಮನಿಯ ಪ್ರಜೆ. 2024ರ ಜೂನ್ ತಿಂಗಳವರೆಗೆ ಈ ಅವಧಿ ಎಂಟು ವರ್ಷವಾಗಿತ್ತು. ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಇಟ್ಟುಕೊಳ್ಳಲು ಭಾರತದ ಕಾನೂನು ಒಪ್ಪದು ಎಂಬುದನ್ನು ಅಜ್ಜ ಅಜ್ಜಿಯರೂ ತಿಳಿದಿರಬೇಕು.

ಇನ್ನು ಹೆಸರಿನ ಮಾತು. ಬೇಲೂರಿನ ದೇಗುಲದಲ್ಲಿ ದುಡಿದ ರೂವಾರಿ ದಾಸೋಜ ತನ್ನನ್ನು ಬಳ್ಳಿಗಾವೆಯವನೆಂದು ಹೇಳಿಕೊಂಡಿದ್ದಾನೆ. ಹೆಸರಿನ ಮುಂದೆ ಊರನ್ನಿಡುವುದು ಈ ಸೀಮೆಯಲ್ಲಿ ಅಷ್ಟು ಹಳೆಯ ರೂಢಿ. ಕ್ರಿಕೆಟ್ ಆಟಗಾರ ಶ್ರೀನಾಥರು ಹುಟ್ಟಿದ್ದು ಮೈಸೂರಿನಲ್ಲಿ. ಜಾವಗಲ್ಲು ಅವರ ಪೂರ್ವಿಕರ ಊರು. ಆದರೆ 1995ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ತಂಡಕ್ಕೆ ಆಡಿದಾಗ ಅಲ್ಲಿಯವರಿಗೆ ‘ಜಾವಗಲ್’ ಎಂಬುದೇ ಅವರಿಗಿಟ್ಟ ಹೆಸರಾಗಿ, ‘ಶ್ರೀನಾಥ್’ ಎಂಬುದು ಮನೆತನದ ಹೆಸರಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆಟದ ಬಯಲಿನಲ್ಲಿ ಇದು ವಿನೋದ. ವೀಸಾ ಕಛೇರಿಯಲ್ಲಿ ವಿನೋದವಲ್ಲ. ಪಾಸ್‌ಪೋರ್ಟಿನಲ್ಲಿ ಕುಲನಾಮಕ್ಕೊಂದು ಮನೆ, ಇಟ್ಟ ಹೆಸರಿಗೊಂದು ಮನೆ. ನಮ್ಮವರಲ್ಲಿ ಎಷ್ಟೋ ಮಂದಿಗೆ ಕುಲನಾಮವೇ ಇಲ್ಲ. ಇರುವುದು ಎರಡು ಇನಿಷಿಯಲ್‌ಗಳು. ಅದನ್ನು ಒಂದು ಕಾಗದದಲ್ಲಿ ಊರಾಗಿ, ಮತ್ತೊಂದರಲ್ಲಿ ತಂದೆಯ ಹೆಸರಾಗಿ, ಮೂರನೆಯದರಲ್ಲಿ ಬರಿಯ ಅಕ್ಷರವಾಗಿ ಬರೆಸಿಕೊಂಡಿರುತ್ತಾರೆ. ತಾಯಿ ಎಂಬುದಕ್ಕೆ ಮಗಳ ಜನನಪತ್ರದಲ್ಲಿರುವ ಹೆಸರೇ ಪ್ರಮಾಣ. ಅಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ಎಂದಾದರೆ ಅವಳೇ ಇವಳೆಂದು ಕಾನ್ಸುಲೇಟಿನವರು ನಂಬುವುದು ಹೇಗೆ? ಮಗಳು ಬಸುರಿ ಎಂದು ತಿಳಿದ ವಾರವೇ ಮನೆಯ ಕಾಗದಗಳನ್ನೆಲ್ಲ ಹರವಿ ಹೆಸರುಗಳನ್ನು ಒಂದುಮಾಡಿಕೊಳ್ಳತೊಡಗಬೇಕು. ಪಾಸ್‌ಪೋರ್ಟಿಗಾಗಿ ಈಗ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಅಂಚೆ ಕಛೇರಿಗಳಲ್ಲಿ ಸೇವಾಕೇಂದ್ರ ತೆರೆಯುವ ಯೋಜನೆ 2017ರಲ್ಲಿ ಮೈಸೂರಿನಿಂದಲೇ ಆರಂಭವಾಯಿತು, ಹಾಸನದಲ್ಲಿಯೂ ಅಂಥದೊಂದಿದೆ.

ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ಹದಿನೈದು ದಿನಕ್ಕಿಂತ ತಡಮಾಡಕೂಡದು. ನಿರ್ಧಾರಕ್ಕೆ ಹದಿನೈದು ದಿನ, ಕೆಲವು ಸಂದರ್ಭದಲ್ಲಿ ನಲವತ್ತೈದು. ಸಂದರ್ಶನದ ಸಮಯ ಸಿಕ್ಕುವುದೇ ನಿಧಾನವಾದುದರಿಂದ ಮೂರು ತಿಂಗಳು ಮೊದಲೇ ತೊಡಗುವುದು ವಿವೇಕ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ, ನಿರಾಕರಿಸಿದರೆ ಹಿಂದಿರುಗಿಸುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸವಿಮೆ ಕಡ್ಡಾಯ. ಸಕ್ಕರೆಕಾಯಿಲೆ, ರಕ್ತದೊತ್ತಡ ಮುಂತಾಗಿ ಮೊದಲಿನಿಂದಲೂ ಇರುವ ರೋಗಗಳಿಗೆ ಆ ವಿಮೆ ಸಲ್ಲುವುದೇ ಎಂದು ಚೀಟಿಯ ಸಣ್ಣಕ್ಷರಗಳನ್ನು ಓದಿ ತಿಳಿಯಬೇಕು. ಮಗಳೋ ಅಳಿಯನೋ ತಮ್ಮ ಊರಿನ ವಿದೇಶೀಯರ ಕಛೇರಿಯಲ್ಲಿ, ಬರುವವರ ಖರ್ಚೆಲ್ಲ ತಮ್ಮದೆಂದು ಹೊಣೆಪತ್ರ ಬರೆದುಕೊಡಬಹುದು. ಅದು ಉಪಚಾರದ ಆಹ್ವಾನಪತ್ರವಲ್ಲ. ಕಾನೂನು ಕಟ್ಟಿಹಾಕುವ ಕಾಗದ.

ಅಧಿಕಾರಿಯ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಇವರು ಹಿಂದಿರುಗುವರೇ? ಅದಕ್ಕೆ ಉತ್ತರ ಕೊಡುವುದು ಪಿಂಚಣಿಯ ಪುಸ್ತಕ, ಬ್ಯಾಂಕಿನ ಲೆಕ್ಕ, ಮನೆಯ ಖಾತೆ, ತೋಟದ ಪಹಣಿ. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಜೊತೆಗಿರಲಿ. ಭೇಟಿಯ ಉದ್ದೇಶವನ್ನು ಮರೆಮಾಡಬಾರದು. ‘ಊರು ನೋಡಲು’ ಎಂದು ಬರೆದು ಪೆಟ್ಟಿಗೆಯ ತುಂಬ ಬಾಣಂತಿ ಲೇಹ್ಯ ಒಯ್ದರೆ ಸುಳ್ಳು ತಾನಾಗಿಯೇ ಹೊರಬೀಳುತ್ತದೆ. ಮಗಳ ಹೆರಿಗೆಗೆ ಹೋಗುತ್ತಿದ್ದೇವೆ, ಇಂಥ ದಿನ ಹಿಂದಿರುಗುತ್ತೇವೆ ಎಂಬ ನಿಜವೇ ಬಲವಾದ ಮಾತು.

ಪೆಟ್ಟಿಗೆಗೂ ನಿಯಮವುಂಟು. ಹೊರಗಿನಿಂದ ಬರುವವರು ಹಾಲು, ತುಪ್ಪ, ಬೆಣ್ಣೆ, ಮಾಂಸಗಳನ್ನು ಯೂರೋಪಿಯನ್ ಒಕ್ಕೂಟದೊಳಗೆ ತರಕೂಡದು. ಮನೆಯಲ್ಲಿ ಕಾಸಿದ ಘಮಘಮಿಸುವ ತುಪ್ಪ ವಿಮಾನನಿಲ್ದಾಣದ ಕಸದ ಬುಟ್ಟಿಗೆ ಹೋಗಬಾರದಾದರೆ ಅದನ್ನು ಊರಿನಲ್ಲಿಯೇ ಬಿಡುವುದು ಲೇಸು. ಬೆಣ್ಣೆ ಅಲ್ಲಿಯೂ ಸಿಕ್ಕುತ್ತದೆ, ಕಾಸಿಕೊಳ್ಳಬಹುದು. ಹಣ್ಣು ತರಕಾರಿಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಆದರೆ ಐದು ಫಲಗಳಿಗೆ ಮಾತ್ರ ಬೇಡ: ಅನಾನಸ್, ಬಾಳೆ, ಖರ್ಜೂರ, ಡೂರಿಯನ್ ಮತ್ತು ತೆಂಗು. ಅರಸೀಕೆರೆ ಸೀಮೆಯವರಿಗೆ ಇಷ್ಟಾದರೂ ಸಮಾಧಾನ. ತಮ್ಮ ತೋಟದ ಕಾಯಿ ಯಾವ ಪತ್ರವನ್ನೂ ಕೇಳದೆ ಗಡಿ ದಾಟುತ್ತದೆ.

ತಾಯಿಗೆ ಮಾತ್ರ ಪತ್ರ ಬೇಕು, ಗಡುವು ಬೇಕು, ಎಣಿಕೆ ಬೇಕು. ತನ್ನ ನೆಲದಲ್ಲಿ ಯಾರು ಎಷ್ಟು ದಿನ ಇರಬೇಕೆಂದು ಗೊತ್ತುಮಾಡುವ ಹಕ್ಕು ಪ್ರತಿಯೊಂದು ದೇಶಕ್ಕೂ ಉಂಟು. ಅದರ ಮೇಲೆ ಸಿಟ್ಟಾಗಿ ಫಲವಿಲ್ಲ. ಆದರೆ ತೊಂಬತ್ತು ದಿನಗಳನ್ನು ಯಾವಾಗ ಆರಂಭಿಸಬೇಕು, ಯಾರ ಸರದಿ ಮೊದಲು, ಯಾರ ಸರದಿ ಆಮೇಲೆ ಎಂಬುದನ್ನು ನಿರ್ಧರಿಸುವ ಹಕ್ಕು ಮನೆಯವರ ಕೈಯಲ್ಲಿಯೇ ಉಳಿದಿದೆ. ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ಕಾನ್ಸುಲೇಟಿನ ಪ್ರಕಟಣೆಯನ್ನು ಮತ್ತೊಮ್ಮೆ ಓದಿಕೊಳ್ಳಬೇಕು, ನೆಂಟರಿಷ್ಟರ ಅನುಭವವನ್ನೇ ಶಾಸನವೆಂದು ತಿಳಿಯಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ಹೆರಿಗೆಯ ದಿನವನ್ನು ಗುರುತು ಹಾಕುವಾಗ, ಹಿಂದಿರುಗುವ ದಿನವನ್ನೂ ಅದೇ ಶಾಯಿಯಿಂದ ಗುರುತು ಹಾಕಿಟ್ಟವರ ಬಾಣಂತನ ಸುಖವಾಗಿ ಮುಗಿಯುತ್ತದೆ.